ಕೈ ಎಣಿಸದ ಗಿರಣಿಯವರು

ಅವರ ಎಡಗಿವಿ ಕೇಳುತ್ತಿರಲಿಲ್ಲ. ಹರೆಯದಿಂದಲೂ ಅಕ್ಕಿ ಗಿರಣಿಯ ಯಂತ್ರದ ಮಗ್ಗುಲಲ್ಲೇ ನಿಂತು ಆ ಕಿವಿ ಹೋಗಿತ್ತು. ಯಂತ್ರದ ಪಟ್ಟಿ ಎಡಕ್ಕಿತ್ತು, ಭತ್ತ ತಂದವರು ಬಲಕ್ಕೆ ನಿಂತು ಮಾತಾಡುತ್ತಿದ್ದರು, ಹಾಗಾಗಿ ಒಂದಾದರೂ ಉಳಿಯಿತು ಎಂದು ಅವರೇ ನಗುತ್ತಿದ್ದರು. ಪಕ್ಷದ ಸಭೆ ಸೇರಿದಾಗ ಯಾರು ಎಲ್ಲಿ ಕೂರಬೇಕು ಎಂಬುದೂ ಈ ಕಿವಿಯಿಂದಲೇ ನಿಶ್ಚಯವಾಗುತ್ತಿತ್ತು. ತಮ್ಮ ಮಾತಿಗೆ ತಲೆದೂಗುವವರನ್ನು ಎಡಕ್ಕೆ ಕೂರಿಸುತ್ತಿದ್ದರು. ಎದುರಾಡುವವರನ್ನು ಬಲಕ್ಕೆ.

"ನಮ್ಮವರು ಎಂಥ ಹೇಳ್ತರು ಅಂತ ಕೇಳದೇ ಇದ್ರೂ ನಂಗೆ ಗೊತ್ತದೆ. ಬೀರಣ್ಣ ಎಂಥ ಹೇಳ್ತ ಅಂತ ಕೇಳ್ಬೇಕಲ್ಲ ಮಾರಾಯ್ತಿ," ಎಂದು ಒಮ್ಮೆ ನನಗೆ ಹೇಳಿದ್ದರು. ನಾನು ಬಹಳ ವರ್ಷ ಅವರ ಎಡಕ್ಕೆ ಕೂತವಳು.

ಅವರು ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಪಕ್ಷದ ಹೆಸರನ್ನೂ ಬರೆಯುವುದಿಲ್ಲ. ಹೆಸರು ಕಂಡ ಕೂಡಲೇ ಇದನ್ನು ಯಾವ ಬಣದವರು ಬರೆಸಿದರು ಎಂದು ಕೇಳುವವರು ನಮ್ಮ ತಾಲೂಕಿನಲ್ಲಿ ಈಗ ಬಹಳ ಇದ್ದಾರೆ. ಅಂಕೋಲೆಯಲ್ಲಿ ಎಲ್ಲರೂ ಅವರನ್ನು ಗಿರಣಿಯವರು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ನಾನು ಇದ್ದಾಗ ಆದದ್ದನ್ನು, ನನ್ನೆದುರು ಆಡಿದ್ದನ್ನು ಮಾತ್ರ ಬರೆಯಬೇಕೆಂದಿದ್ದೇನೆ. ಮನಸ್ಸು ಇನ್ನೂ ನೆಲೆಗೆ ಬಂದಿಲ್ಲವಾದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ಗಿರಣಿಗೆ ಒಂದು ಉದ್ದ ಜಗಲಿ ಇತ್ತು. ಅದೇ ನಮ್ಮ ಪಕ್ಷದ ತಾಲೂಕು ಕಚೇರಿ. ಬೆಳಗ್ಗೆ ಅಲ್ಲಿ ಭತ್ತದ ಚೀಲಗಳು ಇರುತ್ತಿದ್ದವು. ಮಧ್ಯಾಹ್ನದ ಮೇಲೆ ಅವರ ಹೆಂಡತಿ ಸುಮಿತ್ರಕ್ಕ ಗುಡಿಸಿ ಚಾಪೆ ಹಾಸಿದರೆ ಅದು ಕಚೇರಿಯಾಗುತ್ತಿತ್ತು. ಎಷ್ಟು ಗುಡಿಸಿದರೂ ತೌಡಿನ ಪುಡಿ ಹೋಗುತ್ತಿರಲಿಲ್ಲ. ಸಭೆ ಮುಗಿಸಿ ಎದ್ದವರ ಪಂಚೆಯ ಹಿಂಭಾಗ, ಸೀರೆಯ ಅಂಚು ಎಲ್ಲ ಕಂದು ಬಣ್ಣ. ಅಂಕೋಲೆಯ ಪೇಟೆಯಲ್ಲಿ ಯಾರದಾದರೂ ಬೆನ್ನ ಕೆಳಗೆ ತೌಡು ಕಂಡರೆ ಇವತ್ತು ಗಿರಣಿಯಲ್ಲಿ ಮೀಟಿಂಗು ಎಂದು ಜನ ತಿಳಿಯುತ್ತಿದ್ದರು. ಗಿರಣಿಯವರ ಹುಬ್ಬಂತೂ ಅಕ್ಕಿಯ ಪುಡಿ ಕೂತು ಯಾವಾಗಲೂ ಬೆಳ್ಳಗೆ. ಮುದುಕರಾದ ಮೇಲೆ ನಿಜಕ್ಕೂ ನೆರೆತಾಗ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ನಾನು ಬೆಳಂಬಾರದ ಬೇಸಾಯದ ಮನೆಯಲ್ಲಿ ಹುಟ್ಟಿದವಳು. ಅಂಕೋಲೆಯ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದೆ. ಸಂಘದ ಅಕ್ಕಿ ಅವರ ಗಿರಣಿಯಿಂದ ಬರುತ್ತಿದ್ದದ್ದರಿಂದ ಪರಿಚಯವಾಯಿತು. "ಕೂತು ಕೇಳು, ಬೇಜಾರು ಬಂದ್ರೆ ಎದ್ದು ಹೋಗು, ಯಾರೂ ಎಂಥದೂ ಹೇಳೂದಿಲ್ಲ," ಎಂದು ಸಭೆಗೆ ಕರೆದವರು ಅವರೇ. ಬೇಜಾರು ಬರಲಿಲ್ಲ. ಆ ಜಗಲಿಯಲ್ಲಿ ಅಷ್ಟು ಜಗಳ ಇರುತ್ತಿತ್ತು.

ಜಗಳ ಎದುರು ಪಕ್ಷದವರ ಮೇಲಲ್ಲ. ಅವರ ಹೆಸರು ನಮ್ಮ ಸಭೆಯಲ್ಲಿ ಬರುತ್ತಿದ್ದದ್ದೇ ಕಡಿಮೆ. ಜಗಳವೆಲ್ಲ ನಮ್ಮ ನಮ್ಮಲ್ಲೇ. ಎದುರಿನ ಚಹಾದಂಗಡಿಯ ಪಾಂಡು ನಮ್ಮನ್ನು ಎರಡು ಪಾಲು ಮಾಡಿ ಹೆಸರಿಟ್ಟಿದ್ದ, ಬಿಗಿಯವರು ಮತ್ತು ಸಡಿಲದವರು. ಚಹಾ ತಂದಾಗ, "ಬಿಗಿಯವರಿಗೆ ಸಕ್ಕರೆ ಕಡಿಮೆ, ಸಡಿಲದವರಿಗೆ ಹಾಲು ಜಾಸ್ತಿ" ಎಂದು ಹಾಡಿನ ಹಾಗೆ ಹೇಳಿ ಲೋಟ ಇಡುತ್ತಿದ್ದ. ಯಾರೂ ಸಿಟ್ಟಾಗುತ್ತಿರಲಿಲ್ಲ. ಹೆಸರು ಸರಿಯಾಗಿತ್ತು.

ಬಿಗಿಯವರ ಮುಖಂಡರು ಬೀರಣ್ಣ. ನಮ್ಮ ಬೆಳಂಬಾರದವರೇ, ನನ್ನ ಅಪ್ಪನ ಜೊತೆಗಾರರು, ಗದ್ದೆಗೆ ಗದ್ದೆ ತಾಗಿದವರು. ಎತ್ತರದ ಮನುಷ್ಯ, ಮಾತು ಕಡಿಮೆ. ಕೆಲವು ಸಂಗತಿಗಳನ್ನು ಕಾಪಾಡಲಿಕ್ಕೆಂದೇ ಪಕ್ಷ ಹುಟ್ಟಿದ್ದು ಎಂಬುದು ಅವರ ಮಾತು. ಮನೆಯ ಮರ್ಯಾದೆ, ಹಿರಿಯರ ಮಾತು, ದೇವರ ಕೆಲಸ, ನೆಲ. ಓಟಿಗಾಗಿ ಒಂದೊಂದನ್ನೇ ಬಿಡುತ್ತ ಹೋದರೆ ಕೊನೆಗೆ ಗೆದ್ದು ಮಾಡುವುದೇನು ಎಂದು ಕೇಳುತ್ತಿದ್ದರು. ಗಿರಣಿಯವರದು ಇನ್ನೊಂದು ಮಾತು. ಬಂದವರಿಗೆ ಚಾಪೆಯಲ್ಲಿ ಜಾಗ ಮಾಡದ ಪಕ್ಷ ಕಾಪಾಡುವುದಾದರೂ ಏನನ್ನು, ಚಾಪೆಯನ್ನೇ?

ಒಂದು ಸಲ ಹೀಗೇ ಮಾತು ಏರಿ, ಗಿರಣಿಯವರು, "ಕದ್ರಾದಲ್ಲಿ ಡ್ಯಾಮು ಕಟ್ಟಿದರು. ಗೇಟು ಯಾಕೆ ಇಟ್ಟರು? ನೀರು ಬಿಡೂಕೆ. ಬಿಡದೇ ಹೋದ್ರೆ ಡ್ಯಾಮೇ ಉಳಿಯೂದಿಲ್ಲ," ಎಂದರು.

ಬೀರಣ್ಣ ಚಹಾ ಗುಟುಕರಿಸಿ ಲೋಟ ಕೆಳಗಿಟ್ಟರು. "ಗೇಟು ತೆಗ್ದೇ ಇಟ್ರೆ ಕರೆಂಟು ಎಲ್ಲಿಂದ ಬರ್ತದೆ? ನಿನ್ನ ಗಿರಣಿ ಕೈಯಲ್ಲಿ ತಿರುಗಿಸ್ತ್ಯಾ?"

ಜಗಲಿಯಿಡೀ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಗಿರಣಿಯವರು. ಆಮೇಲೆ ತಿಂಗಳುಗಟ್ಟಲೆ ಭತ್ತ ತಂದವರಿಗೆಲ್ಲ ಬೀರಣ್ಣನ ಈ ಉತ್ತರವನ್ನು ಹೇಳಿ ಹೇಳಿ ಖುಷಿಪಟ್ಟರು. ತಮ್ಮನ್ನು ಸೋಲಿಸಿದ ಮಾತನ್ನು ಹೀಗೆ ಊರಿಗೆಲ್ಲ ಹಂಚುತ್ತಿದ್ದ ಇನ್ನೊಬ್ಬ ರಾಜಕಾರಣಿಯನ್ನು ನಾನು ಕಂಡಿಲ್ಲ.

ಕಾರವಾರದಲ್ಲಿ ಜಿಲ್ಲಾ ಸಮಾವೇಶ ಆದಾಗಿನದೂ ಅಂಥದೇ ಕತೆ. ಊಟಕ್ಕೆ ಮೀನು ಇರಬೇಕೋ ಬೇಡವೋ ಎಂದು ವಾದ. ಪಕ್ಷದ ಪಂಕ್ತಿಯಲ್ಲಿ ಮೀನು ಕೂಡದು ಎಂದು ಬಿಗಿಯವರು. ಮೀನುಗಾರರ ಊರಾದ ಹಾರವಾಡದವರನ್ನು ಕರೆದು ಮೀನಿಲ್ಲದೆ ಉಣ್ಣಿ ಎನ್ನುವುದು, ನನ್ನನ್ನು ಕರೆದು ಅನ್ನವಿಲ್ಲದೆ ಉಣ್ಣು ಎಂದ ಹಾಗೆ ಎಂದು ಗಿರಣಿಯವರು. ಮೂರು ಸುತ್ತು ಚಹಾ ಆದ ಮೇಲೆ ಎರಡು ಪಂಕ್ತಿ ಎಂದು ತೀರ್ಮಾನವಾಯಿತು. ಊಟದ ದಿನ ಗಿರಣಿಯವರು ಮೀನಿನ ಪಂಕ್ತಿಯಲ್ಲಿ ಕೂತರು. ಆದರೆ ಅವತ್ತು ಸೋಮವಾರ, ಅವರು ಮೀನು ತಿನ್ನದ ದಿನ. ಸುತ್ತ ಎಲ್ಲರ ಎಲೆಯಲ್ಲಿ ಬಂಗಡೆ, ಅವರ ಎಲೆಯಲ್ಲಿ ಬೇಳೆಸಾರು. ಎದುರಿನ ಪಂಕ್ತಿಯಲ್ಲಿ ಬೀರಣ್ಣ. ದಿನಾ ಮೀನಿಲ್ಲದೆ ತುತ್ತೆತ್ತದ ಬೀರಣ್ಣ ಅಲ್ಲಿ ಕುಂಬಳಕಾಯಿ ಪಲ್ಯ ಮುಗಿಸುತ್ತಿದ್ದರು.

"ಏನ್ ಬೀರಣ್ಣ, ಮನೇಲಿ ಬಂಗಡೆ, ಇಲ್ಲಿ ಸಿದ್ಧಾಂತವಾ?" ಗಿರಣಿಯವರು ಕೂಗಿದರು.

"ಮನೆ ನಂದು. ಪಕ್ಷ ನನ್ನ ಒಬ್ಬಂದಲ್ಲ. ಅದ್ಕೇ ಇಲ್ಲಿ ಬಿಡ್ತೆ," ಎಂದರು ಬೀರಣ್ಣ.

ಬಡಿಸುತ್ತಿದ್ದ ಕಾರವಾರದ ಹುಡುಗರಿಗೆ ಇಬ್ಬರ ಎಲೆಯನ್ನೂ ನೋಡಿ ತಲೆಬುಡ ತಿಳಿಯಲಿಲ್ಲ. "ಕಿತೆಂ ರೇ ಹೆಂ?" ಎಂದು ಒಬ್ಬ ಇನ್ನೊಬ್ಬನನ್ನು ಕೊಂಕಣಿಯಲ್ಲಿ ಕೇಳಿದ, ಏನೋ ಇದು ಎಂದು. ವಾಪಸು ಬರುವಾಗ ಟೆಂಪೋದಲ್ಲಿ ಗಿರಣಿಯವರು, "ಅವ ಹೇಳಿದ್ದು ಸುಳ್ಳಲ್ಲ ಮಾದೇವಿ," ಎಂದರು. ಮಾದೇವಿ ನಾನು.

ಅವರ ಮುಖ್ಯ ರೀತಿಯನ್ನು ಈಗ ಹೇಳಬೇಕು. ಅವರು ತಾಲೂಕು ಅಧ್ಯಕ್ಷರಾಗಿದ್ದಷ್ಟು ವರ್ಷವೂ ಆ ಜಗಲಿಯಲ್ಲಿ ಯಾವ ವಿಷಯವನ್ನೂ ಕೈ ಎತ್ತಿಸಿ ಎಣಿಸಿರಲಿಲ್ಲ. ಎರಡು ಅಭಿಪ್ರಾಯ ಬಂದರೆ ಚಹಾ. ಮತ್ತೂ ಎರಡೇ ಉಳಿದರೆ ಇನ್ನೊಮ್ಮೆ ಚಹಾ. ಮೇ ತಿಂಗಳಾದರೆ ಸುಮಿತ್ರಕ್ಕ ಕರಿ ಇಶಾಡ ಮಾವಿನ ಹಣ್ಣು ಹೆಚ್ಚಿ ತರುತ್ತಿದ್ದರು. ಎಲ್ಲರೂ ಒಪ್ಪುವವರೆಗೆ ಕೂರುವುದು, ಇಲ್ಲವೇ ಮುಂದಿನ ವಾರ ಮತ್ತೆ ಕೂರುವುದು. ಅರ್ಧ ಜನ ದಣಿದು ಒಪ್ಪುತ್ತಿದ್ದರು ಎನ್ನಿ, ಆದರೂ ಒಪ್ಪುತ್ತಿದ್ದರು.

"ಒಂದ್ಸಲ ಎಣಿಸಿದ್ರೆ ಯಾವ ಬದಿ ಎಷ್ಟು ಜನ ಅಂತ ಗೊತ್ತಾತದೆ. ಗೊತ್ತಾದ ಮೇಲೆ ಹೆಚ್ಚಿದ್ದವ ಕೇಳೂದು ಬಿಡ್ತ, ಕಡಿಮೆ ಇದ್ದವ ಹೇಳೂದು ಬಿಡ್ತ," ಎನ್ನುತ್ತಿದ್ದರು. ಅದಕ್ಕೊಂದು ತಮಾಷೆಯನ್ನೂ ಜೋಡಿಸಿದ್ದರು. ಭತ್ತ ಅಳೆಯುವಾಗ ನಮ್ಮಲ್ಲಿ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು ಎಂದು ಲೆಕ್ಕ ಸಾಗುತ್ತದೆ. "ನಂಗೆ ಎಣಿಸೂಕೆ ಬರೂದು ಅದೊಂದೇ ರೀತಿ. ಮೊದಲ್ನೇ ಕೈ ಲಾಭ ಆದ್ರೆ ಎತ್ತದೇ ಇದ್ದ ಕೈಗೆ ಎಂಥ ಅನ್ಬೇಕು? ನಷ್ಟ ಅನ್ಬೇಕಾ?"

ನನ್ನ ಮದುವೆಯ ವಿಷಯ ಇಲ್ಲಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಾನು ಹಾರವಾಡದ ಮೀನುಗಾರರ ಮನೆಯ ಒಬ್ಬರನ್ನು ಮದುವೆಯಾದೆ. ಅಪ್ಪ ಒಪ್ಪಲಿಲ್ಲ, ಮದುವೆಗೆ ಬರಲಿಲ್ಲ, ಆಮೇಲೆ ಮಾತೂ ಆಡಲಿಲ್ಲ. ಬೀರಣ್ಣನೂ ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟರು. ಆದರೆ ಸಭೆಯಲ್ಲಿ ಮಾತಾಡದೆ ಆಗುತ್ತದೆಯೇ? ನಾನು ಏನಾದರೂ ಹೇಳಿದರೆ ಅವರು ಗಿರಣಿಯವರ ಕಡೆ ತಿರುಗಿ, "ಆ ಹುಡುಗಿಗೆ ಹೇಳು, ಅದು ಸರಿಯಲ್ಲ ಅಂತ," ಎನ್ನುತ್ತಿದ್ದರು. ಎರಡು ಮಾರು ದೂರ ಕೂತ ನನಗೆ ಚೆನ್ನಾಗಿ ಕೇಳಿರುತ್ತಿತ್ತು. ಗಿರಣಿಯವರು ಆದರೂ ಪೂರಾ ಎಡಕ್ಕೆ ತಿರುಗಿ, ದೂರದ ಊರಿಂದ ಸುದ್ದಿ ತಂದವರ ಹಾಗೆ, "ಮಾದೇವಿ, ಅದು ಸರಿಯಲ್ಲವಂತೆ," ಎನ್ನುತ್ತಿದ್ದರು. "ಯಾಕೆ ಅಂತ ಕೇಳಿ" ಎಂದರೆ ಬಲಕ್ಕೆ ತಿರುಗಿ, "ಬೀರಣ್ಣ, ಯಾಕಂತೆ?" ವರ್ಷಗಟ್ಟಲೆ ಹೀಗೆ ನಡೆಯಿತು. ಒಂದು ದಿನವೂ ಅವರು ಬೇಸರಪಡಲಿಲ್ಲ. "ಮಾತು ನಿಂತಿಲ್ಲವಲ್ಲ, ನನ್ನ ಮೇಲಿಂದ ಹಾದು ಹೋತದೆ ಅಷ್ಟೆ," ಎನ್ನುತ್ತಿದ್ದರು.

ಕೆಲವು ವರ್ಷಗಳ ಹಿಂದೆ ತಾಲೂಕು ಪಂಚಾಯತಿ ಚುನಾವಣೆ ಬಂತು. ಹಾರವಾಡದ ಕಡೆಯ ಕ್ಷೇತ್ರ ಮಹಿಳೆಗೆ ಮೀಸಲಾಯಿತು. ಅಲ್ಲಿಯ ಹೆಂಗಸರು ನನ್ನ ಹೆಸರು ಹೇಳಿದರು. ನಾನು ಕೇಳಿಕೊಂಡಿರಲಿಲ್ಲ, ಆದರೆ ಹೇಳಿದಾಗ ಬೇಕೆನ್ನಿಸಿತು, ಬಹಳವೇ ಬೇಕೆನ್ನಿಸಿತು. ಬಿಗಿಯವರು ಇನ್ನೊಬ್ಬ ಹೆಂಗಸಿನ ಹೆಸರು ಮುಂದಿಟ್ಟರು. ಅವರ ಆಕ್ಷೇಪ ಮುಚ್ಚುಮರೆಯದಲ್ಲ. ಮನೆ, ಹಿರಿಯರು ಎಂದು ವೇದಿಕೆಯಲ್ಲಿ ಹೇಳುವ ಪಕ್ಷ, ಹೆತ್ತವರ ಮಾತು ಮೀರಿ ಹೋದವಳನ್ನು ನಿಲ್ಲಿಸಿದರೆ ಯಾವ ಮುಖದಲ್ಲಿ ಓಟು ಕೇಳುವುದು?

ಅದನ್ನು ತೀರ್ಮಾನಿಸಲು ಒಂದು ಸಂಜೆ ಆ ಕ್ಷೇತ್ರದ ಸದಸ್ಯರೂ ತಾಲೂಕಿನ ಮುಖಂಡರೂ ಗಿರಣಿಯ ಜಗಲಿಗೆ ಬಂದರು. ಕಾರವಾರದ ಜಿಲ್ಲಾ ಕಚೇರಿಯಿಂದ ಒಬ್ಬ ವೀಕ್ಷಕರು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಸಭ್ಯ ಮನುಷ್ಯ. ತೌಡು ನೋಡಿ ಚಾಪೆಯಲ್ಲಿ ಕೂರಲಿಲ್ಲ. ಅವರಿಗೆ ಕುರ್ಚಿ ತಂದರು. ಹಾರವಾಡದ ಹೆಂಗಸರು ಬೆಳಗಿನ ಮೀನು ಮಾರಿ, ಮನೆಗೆ ಹೋಗಿ, ಸೀರೆ ಬದಲಿಸಿ ಬಂದಿದ್ದರು. ಜಗಲಿ ತುಂಬಿ ಕೆಲವರು ಮೆಟ್ಟಿಲ ಮೇಲೆ ಕೂತರು. ಅವತ್ತು ನಮ್ಮ ಬದಿಯೇ ಹೆಚ್ಚಿತ್ತು. ಎಣಿಸುವುದೇ ಬೇಡ, ಕಣ್ಣಿಗೇ ಕಾಣುತ್ತಿತ್ತು.

ಗಿರಣಿಯವರು ಚಹಾ ಹೇಳಿದರು. ವಾದ ನಡೆಯಿತು. ಮತ್ತೆ ಚಹಾ ಬಂತು. ಎರಡನೆಯ ಲೋಟ ಮುಗಿಯುವಾಗ ಬೀರಣ್ಣ, "ಅವಳ ಅಪ್ಪ ಇಲ್ಲಿಗೆ ಬಂದು ನನ್ನ ಅಡ್ಡಿ ಇಲ್ಲ ಅಂತ ಒಂದ್ ಮಾತು ಹೇಳ್ಲಿ. ಮತ್ತೆ ನಂದೂ ಇಲ್ಲ," ಎಂದರು.

ಗಿರಣಿಯವರ ಮುಖ ಅರಳಿದ್ದನ್ನು ನಾನು ನೋಡಿದೆ. ಒಬ್ಬನನ್ನು ಕೂಡಲೇ ಸ್ಕೂಟರಿನಲ್ಲಿ ಬೆಳಂಬಾರಕ್ಕೆ ಕಳಿಸಿದರು. ಬೀರಣ್ಣ ಆ ಮಾತನ್ನು ಮನಸ್ಸಿನಿಂದ ಆಡಿದರೋ, ಹೊತ್ತು ಕಳೆಯಲೆಂದು ಆಡಿದರೋ ಆಗ ನನಗೆ ತಿಳಿಯಲಿಲ್ಲ. ಇವತ್ತಿಗೂ ಪೂರ್ತಿ ತಿಳಿದಿಲ್ಲ.

ನಾವು ಕಾದೆವು. ಹೊತ್ತು ಮುಳುಗಿತು. ಹಾರವಾಡದ ಹೆಂಗಸರಲ್ಲಿ ಹಿರಿಯಳಾದ ಗಿರಿಜಕ್ಕ ಎದ್ದು ನಿಂತಳು. "ಒಡೆಯಾ, ನಮ್ಮ ಲಾಸ್ಟ್ ಬಸ್ಸು ಬರೂ ಹೊತ್ತಾಯ್ತು. ಎಂಥ ಕೇಳೂದಿದ್ರೂ ಈಗ್ಲೇ ಕೇಳಿ ಬಿಡಿ. ನಸುಕಿಗೆ ದೋಣಿ ಬರ್ತದೆ, ದಡಕ್ಕೆ ಹೋಗ್ಬೇಕು ನಾವು."

"ಹೊರಡಿ ಹೊರಡಿ," ಎಂದರು ಗಿರಣಿಯವರು. "ಇಲ್ಲಿ ಎಂದಾದ್ರೂ ತಲೆ ಎಣಿಸಿದ್ದು ಅದ್ಯಾ? ನಿಮ್ಮ ಮನಸ್ಸು ನಂಗೆ ಗೊತ್ತದೆ. ನಿಶ್ಚಿಂತೆಲಿ ಹೋಗಿ."

ಅವರು ಹೋದರು. ಗಿರಿಜಕ್ಕ ಹೋಗುವಾಗ ನನ್ನ ತಲೆ ಮುಟ್ಟಿ ಹೋದಳು.

ಸ್ವಲ್ಪ ಹೊತ್ತಿಗೆ ಸ್ಕೂಟರು ವಾಪಸು ಬಂತು, ಹೋದವನೊಬ್ಬನೇ. ಅಪ್ಪನಿಗೆ ಜ್ವರವಂತೆ. ಅಪ್ಪನಿಗೆ ಜ್ವರ ಇರಲಿಲ್ಲ ಎಂದು ಆಮೇಲೆ ಅಮ್ಮ ಹೇಳಿದಳು. ಗಿರಣಿಯವರು, "ಹಾಂಗಾದ್ರೆ ಬರೂ ವಾರ ಕೂರುವಾ," ಎಂದರು. ಕುರ್ಚಿಯಲ್ಲಿದ್ದ ವೀಕ್ಷಕರು ಗಡಿಯಾರ ನೋಡಿಕೊಂಡರು.

"ಹೆಸರು ನಾಳೆ ಹೋಗಬೇಕು ಸ್ವಾಮಿ. ಕೈ ಎತ್ತಿಸಿ, ಎಣಿಸಿ, ನನಗೆ ಹೇಳಿ."

"ಇಲ್ಲಿ ಆ ಪದ್ಧತಿ ಇಲ್ಲ."

"ಇಲ್ಲವಾದರೆ ಕಾರವಾರದಲ್ಲೇ ತೀರ್ಮಾನ ಆಗುತ್ತದೆ. ಇನ್ನು ಮುಂದೆ ಈ ತಾಲೂಕಿನ ಎಲ್ಲ ತೀರ್ಮಾನವೂ ಅಲ್ಲೇ. ನಿಮಗೆ ಆಗದಿದ್ದರೆ ನಾವು ಮಾಡುತ್ತೇವೆ, ಬೇಜಾರಿಲ್ಲ."

ಗಿರಣಿಯವರು ಜಗಲಿಯನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದರು. ಮೆಟ್ಟಿಲು ಖಾಲಿ ಇತ್ತು. ಎಡಕ್ಕೆ ಕೂತಿದ್ದ ನಾನು, "ಎಣಿಸಬೇಡಿ. ಕಾರವಾರಕ್ಕೇ ಹೋಗ್ಲಿ," ಎಂದೆ. ಮೆಲ್ಲಗೆ ಹೇಳಲಿಲ್ಲ. ಅವರು ತಿರುಗಲಿಲ್ಲ. ಬಲಕ್ಕೆ ನೋಡುತ್ತ, "ಮಾದೇವಿ ಬೇಡ ಅನ್ನೋರು ಕೈ ಎತ್ತಿ," ಎಂದರು.

ಕೈಗಳು ಎದ್ದವು. ಬೀರಣ್ಣನ ಕೈ ಕೊನೆಗೆ ಎದ್ದಿತು. ಅವರು ಗೋಡೆ ನೋಡುತ್ತಿದ್ದರು. ಗಿರಣಿಯವರು ಬೆರಳು ಮುಂದೆ ಮಾಡಿ ಎಣಿಸತೊಡಗಿದರು. "ಲಾಭ, ಎರಡು, ಮೂರು..."

ತಮಾಷೆಗೆ ಹೇಳಿದ್ದಲ್ಲ. ಅವರಿಗೆ ನಿಜಕ್ಕೂ ಹಾಗೇ ಎಣಿಸಲು ಬರುತ್ತಿತ್ತು. ಯಾರೂ ನಗಲಿಲ್ಲ. ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚಾಯಿತು, ಎಷ್ಟು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಹೋದ ಬಸ್ಸಿನಲ್ಲಿ ಅದರ ಎರಡು ಪಾಲು ಜನ ಇದ್ದರು.

ಸಭೆ ಮುಗಿದ ಮೇಲೆ ಅವರು ಖಾಲಿ ಲೋಟಗಳನ್ನು ತಾವೇ ಕೂಡಿಸಿ ಪಾಂಡುವಿನ ಅಂಗಡಿಗೆ ಒಯ್ದು ಕೊಟ್ಟರು. ಯಾವಾಗಲೂ ಪಾಂಡುವೇ ಬಂದು ಒಯ್ಯುತ್ತಿದ್ದ. ನಾನು ರಸ್ತೆಯಲ್ಲಿ ನನ್ನ ಗಂಡನ ಬೈಕಿಗೆ ಕಾಯುತ್ತ ನಿಂತಾಗ ಅವರು ಒಂದೊಂದು ಕೈಯಲ್ಲಿ ಐದೈದು ಲೋಟ ಸಿಕ್ಕಿಸಿಕೊಂಡು ರಸ್ತೆ ದಾಟಿದ್ದನ್ನು ನೋಡಿದೆ. ನನ್ನ ಕಡೆ ನೋಡಲಿಲ್ಲ.

ಅವರು ಮರುವಾರ ಅಧ್ಯಕ್ಷತೆ ಬಿಟ್ಟರು. ಆ ಇನ್ನೊಬ್ಬ ಹೆಂಗಸು ಚುನಾವಣೆಯಲ್ಲಿ ಗೆದ್ದರು. ಒಳ್ಳೆಯ ಕೆಲಸವನ್ನೇ ಮಾಡಿದರು, ಅದನ್ನು ಹೇಳಬೇಕು. ಪಕ್ಷದ ಕಚೇರಿ ಹೆದ್ದಾರಿಯ ಬದಿಯ ಹೊಸ ಕಟ್ಟಡದ ಮಹಡಿಗೆ ಹೋಯಿತು. ಅಲ್ಲಿ ಕುರ್ಚಿಗಳಿವೆ. ಎಲ್ಲ ವಿಷಯಕ್ಕೂ ಕೈ ಎತ್ತುತ್ತಾರಂತೆ, ಹತ್ತು ನಿಮಿಷಕ್ಕೆ ಸಭೆ ಮುಗಿಯುತ್ತದಂತೆ. ಸಡಿಲದವರಲ್ಲಿ ಕೆಲವರು ಮನೆಯಲ್ಲಿ ಕೂತರು, ಕೆಲವರು ಬೇರೆ ಕಡೆ ಕೂಡತೊಡಗಿದರು. ಪಕ್ಷ ಒಂದೇ. ಮದುವೆ ಮನೆಯಲ್ಲಿ ಎದುರಾದರೆ ಒಬ್ಬರು ಇನ್ನೊಬ್ಬರ ಪಂಕ್ತಿ ಬಿಟ್ಟು ಕೂರುತ್ತಾರೆ.

ನಾನು ಗಿರಣಿಯ ಕಡೆ ಹೋಗದೆ ವರ್ಷದ ಮೇಲಾಯಿತು. ಆಮೇಲೆ ಒಂದು ದಿನ ಸಂಘದ ಕೆಲಸಕ್ಕೆ ಹೋಗಲೇಬೇಕಾಯಿತು. ಕರೆಂಟು ಹೋಗಿ ಯಂತ್ರ ನಿಂತಿತ್ತು. ಅವರು ಜಗಲಿಯಲ್ಲಿ ಒಬ್ಬರೇ ಇದ್ದರು. ನಾನು ಹೋಗಿ ಅವರ ಬಲಕ್ಕೆ ಕೂತೆ.

ಅವರು ಓರೆಯಾಗಿ ನೋಡಿದರು. "ಈ ಬದಿ ಬಂದ್ಯಾ? ನೀನೂ ಎದುರು ಪಾರ್ಟಿ ಆದ್ಯನೇ?"

"ಆದೆ."

"ಒಳ್ಳೇದಾಯ್ತು. ಇನ್ನಾದ್ರೂ ನೀ ಹೇಳೂದು ಕೇಳ್ತದೆ."

ಪಾಂಡು ಕೇಳದೆಯೇ ಚಹಾ ತಂದಿಟ್ಟು ಹೋದ. ನಾನು ಕೇಳಿದೆ. ಅವತ್ತು ಎಣಿಸಬೇಡಿ ಎಂದೆನಲ್ಲ, ಕೇಳಿಸಿತ್ತೇ?

ಅವರು ಲೋಟವನ್ನು ಎರಡು ಅಂಗೈಗಳ ನಡುವೆ ಉರುಳಿಸುತ್ತ ಕೂತರು. "ಕೇಳಿತ್ತು," ಎಂದರು. "ಕಿವಿ ಅಷ್ಟೂ ಹೋಗಿರ್ಲಿಲ್ಲ ಆಗ. ಕಾರವಾರಕ್ಕೆ ಬಿಟ್ರೆ ನಮ್ಮ ಜಗಲಿ ಮುಗೀತು ಅನ್ಸ್ತು. ಜಗಲಿ ಉಳಿಸೂಕೆ ಹೋದೆ." ಸುತ್ತ ನೋಡಿದರು. ಚಾಪೆಗಳು ಸುರುಳಿ ಸುತ್ತಿ ಮೂಲೆಯಲ್ಲಿ ನಿಂತಿದ್ದವು. "ಮತ್ತೊಂದು ಹೇಳ್ತೆ ಕೇಳು. ಇಷ್ಟು ವರ್ಷ ಸಭೆ ಮಾಡ್ದೆ, ಹಾರವಾಡದ ಬಸ್ಸು ಎಷ್ಟು ಹೊತ್ತಿಗೆ ಅಂತ ಒಂದ್ ದಿನ ಯಾರನ್ನೂ ಕೇಳ್ಲಿಲ್ಲ. ಎಲ್ಲರೂ ಒಪ್ಪೂವರೆಗೆ ಕೂರುವಾ ಅಂದೆ. ಕೂರೂಕೆ ಯಾರಿಗೆ ಆತದೆ, ಯಾರಿಗೆ ಆಗೂದಿಲ್ಲ, ನೋಡ್ಲಿಲ್ಲ. ನನ್ನ ಮನೆ ಗಿರಣಿ ಹಿಂದೇ ಅಲ್ವಾ."

ಪರವಾಗಿಲ್ಲ ಎನ್ನಲು ಬಾಯಿ ಬರಲಿಲ್ಲ. ಅವರೂ ಅದನ್ನು ನಿರೀಕ್ಷಿಸಲಿಲ್ಲ. ಕರೆಂಟು ಬಂತು, ಯಂತ್ರ ಶುರುವಾಯಿತು, ಇಬ್ಬರೂ ಎದ್ದೆವು. ಅವತ್ತಿನಿಂದ ಮತ್ತೆ ಹೋಗತೊಡಗಿದೆ. ಹೋದಾಗಲೆಲ್ಲ ಬಲಕ್ಕೆ ಕೂರುತ್ತಿದ್ದೆ.

ಬೀರಣ್ಣ ಮಾತ್ರ ಗಿರಣಿಗೆ ಬರುವುದನ್ನು ಒಂದು ದಿನವೂ ಬಿಟ್ಟಿರಲಿಲ್ಲವಂತೆ. ಬೆಳಂಬಾರಕ್ಕೆ ಹತ್ತಿರ ಬೇರೆ ಗಿರಣಿ ಆಗಿದೆ, ದರವೂ ಕಡಿಮೆ. ಆದರೂ ಅವರ ಭತ್ತ ಇಲ್ಲಿಗೇ. ಚೀಲ ಇಳಿಸಿ, ಅಕ್ಕಿಯಾಗುವವರೆಗೆ ಇಬ್ಬರೂ ಜಗಲಿಯ ಮೇಲೆ ಕೂತು ಮಳೆ, ಗೊಬ್ಬರ, ಮೊಣಕಾಲು ನೋವು ಎಲ್ಲ ಮಾತಾಡುತ್ತಿದ್ದರು. ಪಕ್ಷದ ಮಾತು ಒಂದಿಲ್ಲ. ನಾನಿದ್ದರೆ ಬೀರಣ್ಣ ಮೊದಲಿನಂತೆಯೇ ಗಿರಣಿಯವರ ಮೇಲಿಂದ ಮಾತಾಡುತ್ತಿದ್ದರು. "ಆ ಹುಡುಗಿ ಗಂಡನ ದೋಣಿ ರಿಪೇರಿ ಆಯ್ತಾ ಕೇಳು." ನನಗೆ ಆಗಲೇ ಐವತ್ತು ದಾಟಿತ್ತು.

ಗಿರಣಿಯವರು ತೀರಿಕೊಂಡ ಸುದ್ದಿಯನ್ನು ಸುಮಿತ್ರಕ್ಕ ಫೋನಿನಲ್ಲಿ ಹೇಳಿದರು. ಬೆಳಗಿನ ಚಹಾ ಕುಡಿದು ಗಿರಣಿಯ ಬಾಗಿಲು ತೆಗೆಯಲು ಹೋದವರು ಅಲ್ಲೇ ಕೂತರಂತೆ. ನಾನು ಹೋಗುವ ಹೊತ್ತಿಗೆ ಅವರನ್ನು ಜಗಲಿಯ ಮೇಲೆ ಮಲಗಿಸಿದ್ದರು. ಯಾರೋ ಹುಬ್ಬಿನ ಮೇಲಿನ ಪುಡಿ ಒರೆಸಿದ್ದರು. ಮುಖ ಬೇರೆ ಯಾರದೋ ಎಂಬ ಹಾಗೆ ಕಂಡಿತು.

ಮಧ್ಯಾಹ್ನದ ಹೊತ್ತಿಗೆ ಎರಡೂ ಬಣದವರು ಬಂದು ತುಂಬಿದರು. ಹಾರವಾಡದ ಹೆಂಗಸರು ಬಂದರು, ಗಿರಿಜಕ್ಕನೂ ಕೋಲೂರಿಕೊಂಡು ಬಂದಳು. ದೂರದ ಊರಿನಿಂದ ಅವರ ತಮ್ಮ ಬರಬೇಕಾಗಿತ್ತು, ಹಾಗಾಗಿ ಸಂಜೆ ಎತ್ತುವುದು ಎಂದಾಯಿತು. ಆಗ ಹೊಸ ಕಚೇರಿಯ ಒಬ್ಬ ಯುವಕ, ದೇಹವನ್ನು ಮೊದಲು ಪಕ್ಷದ ಕಚೇರಿಗೆ ಒಯ್ದು ಅಂತಿಮ ದರ್ಶನಕ್ಕಿಡಬೇಕು ಎಂದ. ಸಡಿಲದವರಲ್ಲಿ ಒಬ್ಬರು, ಬದುಕಿದ್ದಾಗ ಒಂದು ಸಭೆಗೆ ಕರೆಯದವರು ಈಗ ಹೊತ್ತುಕೊಂಡು ಹೋಗುತ್ತೀರಾ ಎಂದರು. ದನ ಹೊಕ್ಕ ಗದ್ದೆಯ ಹಾಗಾಯಿತು. ಸುಮಿತ್ರಕ್ಕ ಗೋಡೆಗೊರಗಿ ಕೂತಿದ್ದವರು ಕಣ್ಣು ಮುಚ್ಚಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲವಲ್ಲ, ಪಾಂಡು ತನ್ನ ಅಂಗಡಿಯಿಂದ ಕೆಟಲಿನಲ್ಲಿ ಚಹಾ ತಂದು, ಯಾರಿಗೆ ಕೊಡಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದ. ಅವತ್ತು ಅವನು ಹಾಡು ಹೇಳಲಿಲ್ಲ.

"ಸುಮ್ಮನೆ ಗಲಾಟೆ ಯಾಕೆ? ಒಯ್ಯಬೇಕು ಅನ್ನೋರು ಕೈ ಎತ್ತಿ, ನೋಡೇಬಿಡುವಾ," ಎಂದ ಆ ಯುವಕ.

ಬೀರಣ್ಣ ಅಲ್ಲಿಯವರೆಗೆ ಕಂಬಕ್ಕೆ ಒರಗಿ ಕೂತಿದ್ದರು. ಕಂಬ ಹಿಡಿದು ನಿಧಾನ ಎದ್ದರು. "ಕೂತ್ಕ ತಮ್ಮಾ," ಎಂದರು. "ಅವನ ಎದುರು ಕೈ ಎಣಿಸೂಕೆ ಬಂದ್ಯಾ ನೀನು?"

ಯುವಕ ಕೂತ. ಬೀರಣ್ಣನದೇ ಬಣದವನು.

"ಅವ ಹತ್ತದ ಮೆಟ್ಟಿಲನ್ನ ಅವನ ಹೆಣ ಹತ್ತೂದು ಬೇಡ. ಇಲ್ಲಿಂದ್ಲೇ ಎತ್ತುವಾ," ಎಂದು ಬೀರಣ್ಣ ತಮ್ಮವರ ಕಡೆ ನೋಡಿದರು, ಆಮೇಲೆ ನಮ್ಮ ಕಡೆ. "ಯಾರಾದ್ರೂ ಒಪ್ಪೂದಿಲ್ಲ ಅಂದ್ರೆ ಪಾಂಡು ಚಾ ತಂದಾನೆ, ಕುಡಿರಿ. ಕುಡಿದು ಮತ್ತೆ ಹೇಳಿ."

ಪಾಂಡು ಲೋಟ ಕೊಡುತ್ತ ಬಂದ. ಎಲ್ಲರೂ ಕುಡಿದರು, ಆ ಯುವಕನೂ.

ಸಂಜೆ ಜಗಲಿಯಿಂದಲೇ ಎತ್ತಿದರು. ನಮ್ಮಲ್ಲಿ ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ರಸ್ತೆಯ ತಿರುವಿನವರೆಗೆ ಹೋಗಿ ನಿಂತೆವು. ಸಾವಿನ ಮನೆಯಿಂದ ಹೊರಟವರು ಕಾಲು ತೊಳೆಯದೆ ಬೇರೆ ಕಡೆ ಕಾಲಿಡುವುದೂ ಇಲ್ಲ. ಹಾಗಾಗಿ ಹಾರವಾಡದವರೆಲ್ಲ ವಾಪಸು ಬಂದು ಪಾಂಡುವಿನ ಅಂಗಡಿಯ ಮುಂದಿನ ನೀರಿನ ಪೀಪಾಯಿಯ ಬಳಿ ಸಾಲಾಗಿ ನಿಂತೆವು. ಇದ್ದದ್ದು ಒಂದೇ ಚೊಂಬು. ಗಿರಿಜಕ್ಕನಿಗೆ ಬಗ್ಗಲು ಆಗದೆ ನಾನು ನೀರು ಹಾಕುತ್ತಿದ್ದೆ. ಅರ್ಧ ಜನರದೂ ಆಗಿರಲಿಲ್ಲ, ಹಾರವಾಡದ ಲಾಸ್ಟ್ ಬಸ್ಸು ಪೇಟೆಯ ಕಡೆಯಿಂದ ಬರುವುದು ಕಾಣಿಸಿತು. ಹೆಣದ ಮೆರವಣಿಗೆ ಹಾದುಹೋಗಲೆಂದು ಒಮ್ಮೆ ನಿಂತು, ಹಾರ್ನ್ ಹಾಕಿ, ಮತ್ತೆ ಹೊರಟಿತು. ಯಾರೋ ಕೂಗಿದರು. ಡ್ರೈವರಿಗೆ ಕೇಳಲಿಲ್ಲ.

ಆಗ ಮೆರವಣಿಗೆಯ ಮುಂದಿನ ಸಾಲಿನಲ್ಲಿದ್ದ ಬೀರಣ್ಣ ಹಿಂದೆ ತಿರುಗಿದ್ದನ್ನು ಕಂಡೆ. ಸಾಲು ಬಿಟ್ಟು, ನೋವಿನ ಮೊಣಕಾಲು ಎಳೆಯುತ್ತ ವಾಪಸು ಬಂದರು. ಬಸ್ಸಿನ ಎದುರು ರಸ್ತೆಯ ನಡುವೆ ನಿಂತರು. ಬಸ್ಸು ಕಿರುಗುಟ್ಟಿ ಅವರ ಎದೆಯ ಹತ್ತಿರ ನಿಂತಿತು. ಕಂಡಕ್ಟರು ತಲೆ ಹೊರಗೆ ಹಾಕಿ, "ಎಂಥದು ಅಜ್ಜಾ, ಸಾಯೂಕೆ ಬಂದ್ರಾ?" ಎಂದ.

"ನಮ್ಮ ಜನ ಹತ್ತೂದದೆ," ಎಂದರು ಬೀರಣ್ಣ.

ನಮ್ಮ ಕಡೆ ನೋಡಲಿಲ್ಲ. ಅವರ ಹಿಂದೆ, ರಸ್ತೆಯ ಆ ತುದಿಯಲ್ಲಿ, ಗಿರಣಿಯವರನ್ನು ಹೊತ್ತವರು ಸಣ್ಣಗಾಗುತ್ತ ಹೋಗುತ್ತಿದ್ದರು. ನಾವು ಒಬ್ಬೊಬ್ಬರೇ ಕಾಲು ತೊಳೆದು, ಒಬ್ಬೊಬ್ಬರೇ ಬಸ್ಸು ಹತ್ತಿದೆವು. ಗಿರಿಜಕ್ಕನನ್ನು ಕೈಹಿಡಿದು ಹತ್ತಿಸಲು ಹೊತ್ತಾಯಿತು. ಕೊನೆಗೆ ನಾನು ಹತ್ತಿ ಕಿಟಕಿಯಿಂದ ನೋಡಿದೆ. ಬೀರಣ್ಣ ಬಲಗೈಯನ್ನು ತಲೆಯ ಮೇಲೆ ಎತ್ತಿ ಹಾಗೇ ನಿಂತಿದ್ದರು. ನನ್ನ ಹಿಂದೆ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆಯೇ ಅದನ್ನು ಇಳಿಸಿದರು.